ಒಳ್ಳೆಯದನ್ನಿಟ್ಟು ಹೋದ ಕಳ್ಳ

ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬೀರುವಿನ ಬೀಗ ಒಡೆದಿರಲಿಲ್ಲ. ಕಿಟಕಿಯ ಸರಳು ಬಾಗಿರಲಿಲ್ಲ. ಗಾಜಿನ ಜಾಡಿ ಇದ್ದಲ್ಲೇ ಇತ್ತು. ಜಾಡಿಯ ತುಂಬ ಪುಡಿಯೂ ಇತ್ತು.

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿ ಇರುಕಿಕೊಂಡಳು.

“ಹಾಗಾದ್ರೆ ಕಳುವಾಗಿರೋದೇನು?”

“ಪುಡಿ,” ಎಂದಳು ಡಾಕ್ಟರ್.

“ಪುಡಿ ಇಲ್ಲೇ ಇದೆಯಲ್ಲ?”

“ಇದು ನನ್ನ ಪುಡಿ ಅಲ್ಲ ಮೇಡಂ. ನನ್ನದು ಸರಿಯಾಗಿ ಐನೂರು ಗ್ರಾಂ ಇತ್ತು. ಇದು ಐನೂರ ಇಪ್ಪತ್ತಾರು ಇದೆ. ನನ್ನದು ಕೆನೆ ಬಣ್ಣ. ಇದು ಬೆಳ್ಳಗಿದೆ. ಬೆಳಿಗ್ಗೆ ಬಂದ ತಕ್ಷಣ ಒಂದು ಚಮಚ ಕುದಿಸಿ ತಟ್ಟೆಗೆ ಹಾಕಿ ನೋಡಿದೆ. ನನ್ನದಕ್ಕಿಂತ ಗಟ್ಟಿಯಾಗಿ ಹೆಪ್ಪುಗಟ್ಟಿದೆ.”

“ಗಟ್ಟಿಯಾದ್ರೆ ಒಳ್ಳೇದೋ ಕೆಟ್ಟದ್ದೋ?”

“ಒಳ್ಳೇದು.”

ಇನ್‌ಸ್ಪೆಕ್ಟರ್ ಜಾಡಿಯನ್ನೊಮ್ಮೆ ನೋಡಿದಳು, ಡಾಕ್ಟರನ್ನೊಮ್ಮೆ ನೋಡಿದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಎಂತೆಂಥ ಕಳ್ಳರನ್ನೋ ಕಂಡಿದ್ದಳು. ಕದ್ದ ಜಾಗದಲ್ಲಿ ಅದಕ್ಕಿಂತ ಒಳ್ಳೆಯದನ್ನಿಟ್ಟು, ಮೇಲೆ ಇಪ್ಪತ್ತಾರು ಗ್ರಾಂ ಕೊಸರು ಹಾಕಿ ಹೋದ ಕಳ್ಳನನ್ನು ಕಂಡಿರಲಿಲ್ಲ.

“ನಗಬೇಡಿ ಮೇಡಂ,” ಎಂದಳು ಡಾಕ್ಟರ್. “ಇವತ್ತು ಮೂರು ಗಂಟೆಗೆ ಪರೀಕ್ಷಕರು ಬರ್ತಾರೆ.”

ಡಾಕ್ಟರ್ ಎಂದರೆ ಮದ್ದು ಕೊಡುವ ಡಾಕ್ಟರ್ ಅಲ್ಲ. ಕಡಲಪಾಚಿಯ ಮೇಲೆ ಆರು ವರ್ಷ ಓದಿ ಪದವಿ ತಂದವಳು. ಕಾರ್ಖಾನೆಯ ಹೆಂಗಸರು ಮಾತ್ರ ನೆಗಡಿಯಾದರೂ ಇವಳ ಬಳಿಗೇ ಬರುತ್ತಿದ್ದರು. ಇವಳೂ ಗಂಭೀರವಾಗಿ, ಬಿಸಿನೀರು ಕುಡೀರಿ ಎಂದು ಹೇಳಿ ಕಳಿಸುತ್ತಿದ್ದಳು.

ಆ ಹೆಂಗಸರು ನಲವತ್ತು ಜನ. ತೀರದ ಎದೆಮಟ್ಟದ ನೀರಿನಲ್ಲಿ ಹಗ್ಗ ಕಟ್ಟಿ ಕೆಂಪು ಪಾಚಿ ಬೆಳೆಸುವವರು. ಆ ಪಾಚಿಯನ್ನು ಇಲ್ಲಿ ಕೊಪ್ಪರಿಗೆಯಲ್ಲಿ ನಾಲ್ಕು ಗಂಟೆ ಕುದಿಸಿ, ಸೋಸಿ, ತಣಿಸಿದರೆ ಜೆಲ್ಲಿಯಾಗುತ್ತದೆ. ಜೆಲ್ಲಿಯನ್ನು ಒಣಗಿಸಿದರೆ ಅಗರ್. ಆಸ್ಪತ್ರೆಗಳಲ್ಲಿ ರೋಗಾಣು ಬೆಳೆಸಿ ನೋಡುವ ಪುಟ್ಟ ತಟ್ಟೆಗಳಿಗೆ ಇದೇ ಬೇಕು.

“ಕೊಪ್ಪರಿಗೆಯ ಕಾಲ ಮುಗೀತು,” ಎಂದಳು ಡಾಕ್ಟರ್, ಮೂಲೆಯಲ್ಲಿದ್ದ ಉಕ್ಕಿನ ಯಂತ್ರದ ಮೇಲೆ ಕೈಯಿಟ್ಟು. “ಉರಿಸೋ ಸೌದೆ, ಕುದಿಸೋ ನೀರು, ಯಾವುದೂ ಪೂರೈಸ್ತಿಲ್ಲ. ಇದು ಮೈಕ್ರೋವೇವ್. ಅಡುಗೆಮನೇದೇ ಜಾತಿ, ಸ್ವಲ್ಪ ದೊಡ್ಡಣ್ಣ. ಕೊಪ್ಪರಿಗೇಲಿ ಶಾಖ ಹೊರಗಿಂದ ಒಳಗೆ ಹೋಗಬೇಕು. ಇದರಲ್ಲಿ ಪಾಚಿಯೊಳಗಿನ ನೀರೇ ಬಿಸಿಯಾಗಿ ಒಳಗಿಂದ ಒಡೆಯುತ್ತೆ. ನಾಲ್ಕು ಗಂಟೆ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ. ಪರೀಕ್ಷಕರು ಒಪ್ಪಿದ್ರೆ ಕಾರ್ಖಾನೆ ಉಳಿಯುತ್ತೆ. ಇಲ್ಲಾಂದ್ರೆ ಬಾಗಿಲು ಹಾಕ್ತಾರೆ.”

“ಒಳ್ಳೆ ಪುಡಿ ಇದೆಯಲ್ಲ, ಒಪ್ಪೇ ಒಪ್ತಾರೆ.”

“ಯಂತ್ರದಿಂದ ತೆಗೆದದ್ದು ಅಂತ ಬೇರೆ ಪುಡಿ ತೋರಿಸ್ಲಾ? ಗೊತ್ತಾದ ದಿನ ನಾನು ಮೋಸಗಾರ್ತಿ. ಗೊತ್ತಾಗದೇ ಇದ್ರೂ ಮೋಸಗಾರ್ತಿನೇ. ಯಾರೋ ಅದಕ್ಕೇ ಇಟ್ಟಿದ್ದಾರೆ ಮೇಡಂ, ನನ್ನನ್ನ ಬಲೆಗೆ ಬೀಳಿಸೋಕೆ.”

ಈಗ ಇನ್‌ಸ್ಪೆಕ್ಟರ್‌ಗೆ ನಗು ಬರಲಿಲ್ಲ.

“ಬೀರುವಿನ ಕೀಲಿಕೈ?”

“ಎರಡು. ಒಂದು ಮ್ಯಾನೇಜರ್ ಹತ್ರ. ಒಂದು ನನ್ನ ಬ್ಯಾಗಿನಲ್ಲಿ. ಬ್ಯಾಗ್ ಹೊರಗಿನವರ ಕೈಗೆ ಸಿಕ್ಕೇ ಇಲ್ಲ.”

“ಪುಡಿಯನ್ನ ಕೊನೇ ಸಲ ಯಾವಾಗ ನೋಡಿದ್ರಿ?”

“ನಿನ್ನೆ ಹನ್ನೆರಡಕ್ಕೆ ತೂಕ ಮಾಡಿ ಒಳಗಿಟ್ಟೆ. ಆಮೇಲೆ ಇವತ್ತೇ ತೆಗೆದದ್ದು.”

ಮಾತಾಡುತ್ತಲೇ ಡಾಕ್ಟರ್ ಫ್ಲಾಸ್ಕ್ ತೆರೆದು ಕಾಫಿ ಬಗ್ಗಿಸಿದಳು. ಘಮ್ಮೆಂದಿತು. ಇನ್‌ಸ್ಪೆಕ್ಟರ್ ಒಂದು ಗುಟುಕು ಕುಡಿದು ಹುಬ್ಬೇರಿಸಿದಳು.

“ಅಂಗಡಿ ಪುಡಿ ಅಲ್ಲ. ಮನೇಲೇ ಬೀಜ ಅರೆದದ್ದು,” ಎಂದಳು ಡಾಕ್ಟರ್. ಬೆಳಗಿನಿಂದ ಮೊದಲ ಸಲ ಅವಳ ಮುಖ ಸಡಿಲಾಯಿತು.

* * *

ಮ್ಯಾನೇಜರ್ ತೀರಿಹೋದ ಯಜಮಾನರ ತಮ್ಮ. ದಪ್ಪ ಮನುಷ್ಯ. ಪೊಲೀಸರನ್ನು ಕಂಡದ್ದೇ ಎದ್ದು ನಿಂತ, ಕೂತ, ಮತ್ತೆ ಎದ್ದ.

“ಕಾರ್ಖಾನೆ ಮುಚ್ಚಿ ಈ ಜಾಗವನ್ನ ಗೋದಾಮಿಗೆ ಕೊಡೋ ಯೋಚನೆ ಇದೆಯಂತೆ ನಿಮಗೆ?”

“ಇದೆ. ಮುಚ್ಚಿಡೋದೇನು? ನಲವತ್ತು ಜನರ ಕೆಲಸ ಹೋಗುತ್ತೆ ಅಂತ ಹಿಂದೆಮುಂದೆ ನೋಡ್ತಿದ್ದೀನಿ. ಆದ್ರೆ ಮೇಡಂ, ಆ ಹುಡುಗಿ ಕೆಲಸ ಕೆಡಿಸಬೇಕು ಅಂತಿದ್ರೆ ಕೆಟ್ಟ ಪುಡಿ ಇಡ್ತಿದ್ದೆ. ಒಳ್ಳೇದು ಇಡೋಕೆ ನನಗೇನು ತಲೆ ಕೆಟ್ಟಿದೆಯಾ?”

“ಅಂಗಡಿಯಿಂದ ತಂದು ಇಟ್ಟು, ಪರೀಕ್ಷಕರ ಮುಂದೆ ‘ಇದು ಕೊಂಡು ತಂದದ್ದು’ ಅಂತ ಬಯಲು ಮಾಡಬಹುದಲ್ಲ?”

ಮ್ಯಾನೇಜರ್ ಬಾಯಿ ತೆರೆದ. ಅಷ್ಟು ದೂರ ಅವನ ಬುದ್ಧಿ ಹೋಗಿರಲಿಲ್ಲ ಎಂಬುದು ಆ ಬಾಯಿಯಲ್ಲೇ ಕಾಣುತ್ತಿತ್ತು. ಮೇಜಿನ ಸೆಳೆಖಾನೆಯಿಂದ ಒಂದು ಲಕೋಟೆ ತೆಗೆದು ಕೊಟ್ಟ. ಒಳಗೆ ಎರಡನೆಯ ಕೀಲಿಕೈ. ಅಂಟಿಸಿದ ಜಾಗದ ಮೇಲೆ ಮೂರು ಸಹಿ, ಅವುಗಳ ಮೇಲೆ ಅರಗು. ಅರಗಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

“ಇನ್ಯಾರಿಗೆ ಯಂತ್ರದ ಮೇಲೆ ಕೋಪ?”

“ಕೊಪ್ಪರಿಗೆ ತಾತನಿಗೆ. ನಲವತ್ತೈದು ವರ್ಷ ಕೊಪ್ಪರಿಗೆ ಮುಂದೆ ನಿಂತವನು. ‘ಆ ಪೆಟ್ಟಿಗೆ ಸುಟ್ಟುಹೋಗ’ ಅಂತ ದಿನಕ್ಕೆ ಮೂರು ಸಲ ಶಾಪ ಹಾಕ್ತಾನೆ. ನಾವೆಲ್ಲ ಅದನ್ನ ಕೇಳಿಯೇ ಗಂಟೆ ಎಷ್ಟಾಯ್ತು ಅಂತ ತಿಳ್ಕೊಳ್ಳೋದು.”

ಇನ್‌ಸ್ಪೆಕ್ಟರ್ ಹೊರಗೆ ಬಂದು ಫೋನ್ ತೆಗೆದಳು. ಅಗರ್ ಎಂಬುದರ ತಲೆಬುಡ ಅವಳಿಗೆ ತಿಳಿಯದು. ತಿಳಿದವರು ಒಬ್ಬರಿದ್ದರು. ಮನೆಯಲ್ಲೇ ಇದ್ದರು.

“ಅತ್ತೆ, ಏನ್ ಮಾಡ್ತಿದ್ದೀರ?”

“ಬಟ್ಟೆ ಮಡಚ್ತಿದ್ದೀನಿ. ನಿನ್ನ ಗಂಡನ ಕಾಲುಚೀಲ ಒಂದಿದ್ರೆ ಒಂದಿಲ್ಲ. ಮೊದಲು ಆ ಕಳ್ಳನ್ನ ಹಿಡಿ.”

“ಅಗರ್ ಬಗ್ಗೆ ನಿಮಗೆ ಗೊತ್ತಲ್ವಾ?”

ಆ ಕಡೆ ಬಟ್ಟೆ ಕೆಳಗಿಟ್ಟ ಸದ್ದು. ಆಮೇಲೆ ಅತ್ತೆಯ ದನಿ ಹತ್ತು ವರ್ಷ ಚಿಕ್ಕದಾಯಿತು.

“ಮೂವತ್ತೊಂದು ವರ್ಷ ಆಸ್ಪತ್ರೇಲಿ ತಟ್ಟೆಗೆ ಅದನ್ನೇ ಸುರಿದಿದ್ದೀನಿ ಕಣೇ. ಜೀಪ್ ಕಳಿಸು.”

* * *

ಅತ್ತೆ ಬಂದವರೇ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಕೈ ತೊಳೆದು, ಸೆರಗು ಸಿಕ್ಕಿಸಿದರು. ಯಾರನ್ನೂ ಏನೂ ಕೇಳಲಿಲ್ಲ. ಒಂದು ಚಿಟಿಕೆ ಪುಡಿ ಅಂಗೈಗೆ ಹಾಕಿಕೊಂಡು ಬೆರಳಿಂದ ಉಜ್ಜಿದರು. ಮೂಸಿದರು. ಸೊಸೆಯ ಕಡೆ ತಿರುಗಿ ಮತ್ತೆ ಮೂಸಿದರು.

“ಕಾಫಿ ಕುಡಿದ್ಯಾ?”

“ಹೂಂ.”

“ಹಾಗಾದ್ರೆ ದೂರ ನಿಲ್ಲು.” ಮತ್ತೊಮ್ಮೆ ಮೂಸಿ, ತಲೆಯಾಡಿಸಿದರು. “ಇದು ಕೊಂಡು ತಂದದ್ದಲ್ಲ. ಕಂಪನಿ ಪುಡಿ ಮೈಗೆ ಹಚ್ಚೋ ಪೌಡರ್ ಇದ್ದಂಗೆ ಇರುತ್ತೆ. ಇದು ಒಂದು ಕಾಳು ದಪ್ಪ, ಒಂದು ಸಣ್ಣ. ನೋಡಿಲ್ಲಿ, ಎಳೆ ಎಳೆಯಾಗಿದೆ. ಇದು ದಾರದ ಹಾಗೆ ಒಣಗಿಸಿದ ಹಳೇ ಕಾಲದ ಅಗರ್. ಯಾರೋ ಈಚೆಗೆ ಮನೇಲಿ ಪುಡಿ ಮಾಡಿದ್ದಾರೆ.”

ಮ್ಯಾನೇಜರ್ ಬಲೆಯ ಕಥೆ ಅಲ್ಲಿಗೆ ಮುಗಿಯಿತು.

“ಹಳೇ ಕಾಲದ್ದು ಅಂದ್ರೆ ಕೊಪ್ಪರಿಗೇದು,” ಎಂದಳು ಇನ್‌ಸ್ಪೆಕ್ಟರ್. “ಕೊಪ್ಪರಿಗೆ ತಾತ.”

“ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀಯಲ್ಲ. ತಡಿ. ” ಅತ್ತೆ ಡಾಕ್ಟರ್ ಕಡೆ ತಿರುಗಿದರು. “ಅವನು ಕುದಿಸಿದ ಅಗರ್ ಸ್ವಲ್ಪ ಇದೆಯಾ ಮಗಳೇ?”

ಇತ್ತು. ಅತ್ತೆ ಎರಡು ಪುಟ್ಟ ಬಾಟಲಿಗಳಲ್ಲಿ ಎರಡನ್ನೂ ನೀರು ಹಾಕಿ ಕುದಿಸಿದರು. ಆರಲು ಬಿಟ್ಟರು. ಆಗಾಗ ಬಾಟಲಿಯನ್ನು ಕೆನ್ನೆಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದರು.

“ನಲವತ್ತೆಂಟು ಡಿಗ್ರಿ.”

ಡಾಕ್ಟರ್ ಉಷ್ಣಮಾಪಕ ಅದ್ದಿ ನೋಡಿದಳು. ನಲವತ್ತೆಂಟೇ ಇತ್ತು. ಅವಳ ಕಣ್ಣರಳಿತು.

“ಕೆನ್ನೇಲಿ ಹೇಗೆ ಗೊತ್ತಾಗುತ್ತೆ ಅತ್ತೆ?” ಎಂದಳು ಇನ್‌ಸ್ಪೆಕ್ಟರ್.

“ದಿನಕ್ಕೆ ಇನ್ನೂರು ತಟ್ಟೆ ಸುರಿದ್ರೆ ನಿನಗೂ ಗೊತ್ತಾಗುತ್ತೆ.”

ಅತ್ತೆ ಬಾಟಲಿಗಳನ್ನು ಒಂದೇ ಸಮ ಓಲಾಡಿಸುತ್ತ ಹೋದರು. ನಲವತ್ತೊಂದಕ್ಕೆ ತಾತನ ಅಗರ್ ಅಲುಗದೆ ನಿಂತಿತು. ಜಾಡಿಯ ಅಗರ್ ಇನ್ನೂ ನೀರಿನಂತೆ ಹೊರಳುತ್ತಿತ್ತು. ನಲವತ್ತು, ಮೂವತ್ತೊಂಬತ್ತು, ಮೂವತ್ತೆಂಟು. ಮೂವತ್ತಾರಕ್ಕೆ ಅದೂ ನಿಂತಿತು.

“ಕುದಿಸೋ ರೀತಿ ಬದಲಾಯಿಸಿದ್ರೆ ಇಷ್ಟು ವ್ಯತ್ಯಾಸ ಬರಲ್ಲ,” ಎಂದರು ಅತ್ತೆ. “ಪಾಚಿಯೇ ಬೇರೆ.”

ಡಾಕ್ಟರ್ ಉಷ್ಣಮಾಪಕ ಮೇಜಿನ ಮೇಲಿಟ್ಟಳು. “ಬಂಡೆಪಾಚಿ! ಆಳದ ಬಂಡೆ ಮೇಲೆ ಬೆಳೆಯೋದು. ಅದಕ್ಕೆ ಮಾತ್ರ ಮೂವತ್ತಾರು. ಆದ್ರೆ ಅದು ಇಲ್ಲಿಗೆ ಬರೋದು ನಿಂತು ಮೂವತ್ತೈದು ವರ್ಷದ ಮೇಲಾಯ್ತು. ಆಗ ಮುಳುಗು ಹಾಕಿ ಕೀಳೋ ಹೆಂಗಸರಿದ್ರಂತೆ. ನಾನು ಒಬ್ಬರನ್ನೂ ನೋಡಿಲ್ಲ.”

* * *

ಕೊಪ್ಪರಿಗೆಯ ಕೊಟ್ಟಡಿಯಲ್ಲಿ ಹಬೆ ಮಂಜಿನಂತೆ ನಿಂತಿತ್ತು. ನಡುವೆ ಸಣಕಲು ಮುದುಕನೊಬ್ಬ ತನಗಿಂತ ಉದ್ದದ ಮರದ ಹುಟ್ಟು ಹಿಡಿದು ಪಾಚಿ ಕಲಕುತ್ತಿದ್ದ. ಪೊಲೀಸ್ ದಿರಿಸು ಕಂಡರೂ ಕೈ ನಿಲ್ಲಿಸಲಿಲ್ಲ.

“ನಿಲ್ಲಿಸಿದ್ರೆ ತಳ ಹಿಡಿಯುತ್ತೆ. ಮಾತಾಡಿ, ಕಿವಿ ಖಾಲಿ ಇದೆ.”

ಇನ್‌ಸ್ಪೆಕ್ಟರ್ ಮಾತಾಡಲಿಲ್ಲ. ಬೆಳಿಗ್ಗೆ ಡಾಕ್ಟರ್ ಹೆಪ್ಪುಗಟ್ಟಿಸಿದ ತಟ್ಟೆಯನ್ನು ಅವನ ಮುಂದೆ ಹಿಡಿದಳು.

ತಾತ ಉಡಾಫೆಯಿಂದ ಹೆಬ್ಬೆರಳು ಒತ್ತಿದ. ಒತ್ತಿದ ಬೆರಳು ಅಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿದ್ದ ಹುಟ್ಟೂ ನಿಂತಿತು.

“ಏನು ತಾತ?”

“ಏನಿಲ್ಲ.”

“ತಳ ಹಿಡಿಯುತ್ತೆ.”

“ಹಿಡೀಲಿ.”

ಮತ್ತೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಇನ್‌ಸ್ಪೆಕ್ಟರ್ ಹಿಂದಕ್ಕೆ ಬಂದಳು. ಕಾಲು ಗಂಟೆಯೂ ಆಗಿರಲಿಲ್ಲ, ತಾತ ಮೈಯೆಲ್ಲ ಬೆವರುತ್ತ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದ. ಒಳಗೆ ಕಾಲಿಟ್ಟದ್ದು ಅದೇ ಮೊದಲ ಸಲ. ಯಂತ್ರದ ಕಡೆ ಮುಖ ತಿರುಗಿಸದೆ, ಎರಡೂ ಕೈ ಮುಂದೆ ಚಾಚಿದ.

“ನಾನೇ ಮಾಡಿದ್ದು. ಕೋಳ ಹಾಕಿ.”

ಡಾಕ್ಟರ್ ಎದ್ದು ನಿಂತಳು. “ತಾತ!”

“ಆ ಪೆಟ್ಟಿಗೆ ಮೇಲಿನ ಸಿಟ್ಟಿಗೆ ಮಾಡ್ದೆ. ನಿನ್ನ ಮೇಲಲ್ಲ ಪುಟ್ಟಮ್ಮ.”

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಅವನನ್ನು ಕೂರಿಸಿದಳು. ನೀರು ಕೊಟ್ಟಳು. ನಯವಾಗಿ ಕೇಳಿದಳು.

“ಬೀರು ಹೇಗೆ ತೆಗೆದ್ರಿ?”

“ಬೀಗ ಒಡೆದೆ.”

“ಯಾವುದರಲ್ಲಿ?”

“ಸುತ್ತಿಗೇಲಿ.”

“ಅಲ್ಲಿ ನೋಡಿ. ಬೀಗ ನೆಟ್ಟಗಿದೆ.”

ತಾತ ನೋಡಿದ. ಗಂಟಲು ಸರಿಮಾಡಿಕೊಂಡ. “ಒಡೆದು... ಆಮೇಲೆ ರಿಪೇರಿ ಮಾಡಿದೆ.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇನ್‌ಸ್ಪೆಕ್ಟರ್ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವಳು ದಿನವೂ ಕಾಣುತ್ತಿದ್ದಳು. ಇನ್ನೊಬ್ಬರ ಹೆಗಲ ಮೇಲಿನ ಬೂದಿಯನ್ನು ತನ್ನ ಹೆಗಲಿಗೆ ಬಳಿದುಕೊಳ್ಳುವವರು ಅಪರೂಪ.

“ತಾತ, ಆ ಜೆಲ್ಲಿ ಮುಟ್ಟಿದ ತಕ್ಷಣ ನಿಮಗೆ ಗೊತ್ತಾಯ್ತು, ಅಲ್ವಾ? ಯಾವ ಪಾಚಿ, ಯಾರು ತಂದದ್ದು, ಎಲ್ಲ.”

“ನನಗೇನೂ ಗೊತ್ತಿಲ್ಲ.”

“ಈ ಊರಲ್ಲಿ ಬಂಡೆಪಾಚಿಗೆ ಕೊನೇ ಸಲ ಮುಳುಗಿದ್ದು ಯಾರು?”

“ವಯಸ್ಸಾಯ್ತು. ಮರೆತುಹೋಗಿದೆ,” ಎಂದು ತಾತ ಎದ್ದು ಹೊರಟೇಬಿಟ್ಟ. ಬಾಗಿಲಲ್ಲಿ ಒಂದು ಗಳಿಗೆ ನಿಂತ. “ಯಾರೇ ಆಗಿರ್ಲಿ, ಕೇಡು ಬಗೆದು ಮಾಡಿರಲ್ಲ. ಅಷ್ಟು ಹೇಳ್ತೀನಿ.”

* * *

ಗೇಟಿನ ಬಳಿ ಕಾವಲುಗಾರ ದಾಖಲೆ ಪುಸ್ತಕ ತೆರೆದು ತೋರಿಸಿದ. ನಿನ್ನೆ ಹನ್ನೆರಡರಿಂದ ಸಂಜೆಯವರೆಗೆ ಬಂದವರು ಇಬ್ಬರೇ. ಅಂಚೆಯವನು ಗೇಟಿನಿಂದಲೇ ಹಿಂದಿರುಗಿದ್ದ. ವಿದ್ಯುತ್ ರಿಪೇರಿಯವನು ಮ್ಯಾನೇಜರ್ ಕೋಣೆಯಿಂದ ಅಲುಗಿರಲಿಲ್ಲ.

“ಇನ್ಯಾರೂ ಬರಲಿಲ್ವಾ?”

“ಹೊರಗಿನವರು ಯಾರೂ ಇಲ್ಲ ಮೇಡಂ.”

ಹೊರಗಿನವರು. ಇನ್‌ಸ್ಪೆಕ್ಟರ್ ಗಕ್ಕನೆ ತಲೆಯೆತ್ತಿದಳು. ಬೆಳಿಗ್ಗೆ ಇದೇ ಮಾತನ್ನು ಇನ್ನೊಂದು ಬಾಯಿಂದ ಕೇಳಿದ್ದಳು.

“ಒಳಗಿನವರು? ಇಲ್ಲಿ ಕೆಲಸ ಮಾಡದೇನೂ ಒಳಗಿನವರು ಅನ್ನಿಸಿಕೊಂಡವರು ಯಾರಾದ್ರೂ ಬಂದ್ರಾ?”

ಕಾವಲುಗಾರ ತಲೆ ಕೆರೆದುಕೊಂಡ. “ಡಾಕ್ಟರ್ ಅವರ ತಾಯಿ ಊಟ ತರ್ತಾರೆ. ದಿನಾ ಒಂದು ಗಂಟೆಗೆ. ಅವರನ್ನ ಯಾರಾದ್ರೂ ಪುಸ್ತಕದಲ್ಲಿ ಬರೀತಾರಾ ಮೇಡಂ? ನನಗೂ ಒಂದು ತುತ್ತು ತಂದಿರ್ತಾರೆ.”

ಇನ್‌ಸ್ಪೆಕ್ಟರ್ ನಿಧಾನವಾಗಿ ಅಂಗಳ ದಾಟಿದಳು. ಒಣಗಲು ಹರವಿದ ಪಾಚಿಯ ಸಾಲುಗಳ ನಡುವೆ ಅತ್ತೆ ನಿಂತಿದ್ದರು. ಸೊಸೆಯ ಮುಖ ನೋಡಿದರೆ ಸಾಕು, ಅತ್ತೆಗೆ ಅರ್ಧ ತಿಳಿಯುತ್ತಿತ್ತು.

“ಸಿಕ್ಕಿದ್ರಾ?”

“ಸಿಕ್ಕಿದ್ರು. ಸಿಗದೇ ಇದ್ದಿದ್ರೇ ಚೆನ್ನಾಗಿತ್ತು. ಅತ್ತೆ, ನೀವು ಪುಡೀನ ಮೂರು ಸಲ ಮೂಸಿದ್ರಿ. ಏನಿತ್ತು?”

“ಕಾಫಿ. ನಿನ್ನ ಬಾಯಿಂದ ಬರ್ತಿದೆ ಅಂದ್ಕೊಂಡೆ. ನೀನು ದೂರ ಹೋದ ಮೇಲೂ ಇತ್ತು. ಖಾತ್ರಿ ಆಗ್ಲಿ ಅಂತ ಸುಮ್ಮನಿದ್ದೆ.”

“ಕಾಫಿ ಬೀಜ ಅರೆಯೋ ಮಿಕ್ಸೀಲಿ ಅಗರ್ ಅರೆದಿದ್ದಾರೆ.”

ಅತ್ತೆ ಕೈಗಡಿಯಾರ ನೋಡಿದರು. ಗಂಟೆ ಹನ್ನೆರಡೂ ಐವತ್ತು.

“ನಾಲ್ಕು ಜನರ ಮುಂದೆ ಕೇಳಬೇಡ ಕಣೇ,” ಎಂದರು. “ಮ್ಯಾನೇಜರ್ ಬೇಡ, ಪೇದೆಗಳು ಬೇಡ. ಊಟದ ಕೋಣೇಲಿ ಕೂತು ಕೇಳೋಣ.”

* * *

ಮಗಳಿಗೆ ಊಟ ತಂದ ಅಮ್ಮ ಗಿಡ್ಡಗೆ, ತೆಳ್ಳಗೆ, ಗಾಳಿ ಬೀಸಿದರೆ ಹಾರಿಹೋಗುವಂತಿದ್ದರು. ಕೈಯಲ್ಲಿ ಮಾತ್ರ ಐದು ಅಂತಸ್ತಿನ ಊಟದ ಕ್ಯಾರಿಯರ್. ಒಳಗೆ ಬಂದು ದಿರಿಸು ನೋಡಿ ಒಂದು ಹೆಜ್ಜೆ ತಡೆದರು. ಆಮೇಲೆ ನೇರ ಮೇಜಿನ ಬಳಿ ಹೋಗಿ ತಟ್ಟೆ ಜೋಡಿಸತೊಡಗಿದರು.

“ಪೊಲೀಸ್ನೋರು ಊಟ ಮಾಡಿದ್ರಾ?”

“ಆಮೇಲೆ ಮಾಡ್ತೀವಿ. ಕೂತ್ಕೊಳ್ಳಿ ಅಮ್ಮ.”

ಅವರು ಕುಳಿತರು. ಬಲಗಿವಿ ಇನ್‌ಸ್ಪೆಕ್ಟರ್ ಕಡೆ ಬರುವಂತೆ ಕತ್ತು ವಾರೆ ಮಾಡಿದರು. ಅತ್ತೆ ಅದನ್ನು ಗಮನಿಸಿದರು.

“ಎಡಗಿವಿ ಯಾವಾಗಿಂದ ಕೇಳಿಸಲ್ಲ?” ಅತ್ತೆಯೇ ಕೇಳಿದರು.

“ಹರೇದಲ್ಲೇ ಹೋಯ್ತು.”

“ನೀರಿನ ಒತ್ತಡಕ್ಕೆ ತಮಟೆ ಹರಿದಿರುತ್ತೆ. ಆಸ್ಪತ್ರೇಲಿ ನೋಡಿದ್ದೀನಿ. ಮುಳುಗೋರಿಗೆ ಆಗುತ್ತೆ.”

ಅಮ್ಮನ ಕೈ ಕ್ಯಾರಿಯರ್ ಹಿಡಿಕೆಯ ಮೇಲೆ ನಿಂತಿತು. ಡಾಕ್ಟರ್ ಒಬ್ಬೊಬ್ಬರನ್ನೇ ನೋಡಿದಳು.

“ಏನು ಮಾತಾಡ್ತಿದ್ದೀರ? ನಮ್ಮಮ್ಮ ಯಾವಾಗ ಮುಳುಗಿದ್ರು? ದಡದಲ್ಲಿ ಪಾಚಿ ತೊಳೀತಿದ್ರು, ಅಷ್ಟೇ.”

“ನಿಮಗೆ ಹಾಗೆ ಹೇಳಿರ್ತಾರೆ,” ಎಂದಳು ಇನ್‌ಸ್ಪೆಕ್ಟರ್. “ಡಾಕ್ಟರ್, ಬ್ಯಾಗ್ ಹೊರಗಿನವರ ಕೈಗೆ ಸಿಕ್ಕಿಲ್ಲ ಅಂದ್ರಿ. ನಿಜ. ನಿನ್ನೆ ಒಂದು ಗಂಟೆಗೆ ಬ್ಯಾಗ್ ಎಲ್ಲಿತ್ತು?”

“ಇಲ್ಲೇ. ಮ್ಯಾನೇಜರ್ ಕರೆದ್ರು ಅಂತ ಹೋದೆ. ಅಮ್ಮ ಇದ್ರಲ್ಲ, ಅದಕ್ಕೆ ಬಿಟ್ಟು...”

ಅವಳು ತಿರುಗಿ ಅಮ್ಮನನ್ನು ನೋಡಿದಳು.

ಇನ್‌ಸ್ಪೆಕ್ಟರ್ ಮೆಲ್ಲಗೆ ಮುಂದುವರಿದಳು. “ಕಾವಲುಗಾರ ಕೂಡ ಹೊರಗಿನವರು ಯಾರೂ ಬರಲಿಲ್ಲ ಅಂದ. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರ ಲೆಕ್ಕದಲ್ಲೂ ಅಮ್ಮ ಇರಲೇ ಇಲ್ಲ. ಪುಡಿ ಮನೇಲಿ ಅರೆದದ್ದು, ಅದೂ ಕಾಫಿ ಬೀಜ ಅರೆಯೋ ಮಿಕ್ಸೀಲಿ. ಪಾಚಿ ಮೂವತ್ತೈದು ವರ್ಷದ ಹಿಂದಿನ ಬಂಡೆಪಾಚಿ. ಅದನ್ನ ಅಷ್ಟು ವರ್ಷ ಜೋಪಾನ ಮಾಡೋಕೆ ಮುಳುಗಿ ತಂದವರಿಗೇ ಮನಸ್ಸು ಬರೋದು. ಕುದಿಸಿಕೊಟ್ಟದ್ದು ಕೊಪ್ಪರಿಗೆ ತಾತ. ಅದಕ್ಕೇ ಹೆಬ್ಬೆರಳಿಟ್ಟ ತಕ್ಷಣ ಗುರುತು ಹಿಡಿದು, ತಪ್ಪು ತನ್ನದು ಅಂತ ಓಡಿಬಂದ್ರು.”

“ಆ ಅಣ್ಣ ಬಂದಿದ್ರಾ?” ಎಂದರು ಅಮ್ಮ. “ಪೆದ್ದು ಅಣ್ಣ.” ಆಮೇಲೆ ಕ್ಯಾರಿಯರ್ ಪಕ್ಕಕ್ಕೆ ಸರಿಸಿ ನೆಟ್ಟಗೆ ಕುಳಿತರು. “ನಾನೇ ಇಟ್ಟಿದ್ದು. ಅದಕ್ಕೇನೀಗ?”

“ಅಮ್ಮಾ!”

“ಕೂಗಬೇಡ ಪುಟ್ಟಿ, ಈ ಕಿವಿ ಚೆನ್ನಾಗೇ ಕೇಳಿಸುತ್ತೆ.”

“ಯಾಕಮ್ಮ? ಒಂದು ವರ್ಷ ಹಗಲಿಡೀ ಆ ಯಂತ್ರದ ಮುಂದೆ ನಿಂತಿದ್ದೀನಿ. ನಿನಗೇ ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲೆ ಇದೆ. ಬರೋ ಪರೀಕ್ಷಕರ ಮೇಲೆ ಇರಲಿಲ್ಲ.” ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. “ಹೋದ ವಾರ ನಿನ್ನ ಮೇಜಿನ ಮೇಲೆ ತಟ್ಟೆ ಇತ್ತಲ್ಲ, ಒತ್ತಿ ನೋಡಿದೆ. ಗಂಜಿ ಥರ ಇತ್ತು. ಬೆರಳು ತಳ ಮುಟ್ಟಿತು. ಅವತ್ತು ಸಾಯಂಕಾಲ ಫೋನಲ್ಲಿ ಯಾರಿಗೋ ಹೇಳ್ತಿದ್ದೆ, ಇದು ನಿಲ್ಲಲ್ಲ, ಕುಸಿದುಹೋಗುತ್ತೆ ಅಂತ. ನನ್ನ ಎದೆ ಹೊಡ್ಕೊಳ್ತು.”

ಡಾಕ್ಟರ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

“ಅಮ್ಮ, ಅದು ಬೇಕಂತಲೇ ಕೆಡಿಸಿದ ತಟ್ಟೆ! ಇಪ್ಪತ್ತು ನಿಮಿಷದ ಬದಲು ನಲವತ್ತು ನಿಮಿಷ ಇಟ್ರೆ ಏನಾಗುತ್ತೆ ಅಂತ ನೋಡಿದೆ. ಶಾಖ ಹೆಚ್ಚಾದ್ರೆ ಅಗರ್‌ನ ಎಳೆ ತುಂಡಾಗುತ್ತೆ, ಕುಸಿಯುತ್ತೆ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಬೇಕಲ್ಲ!”

ಅಮ್ಮ ಮಗಳನ್ನು ನೋಡಿದರು. ಇನ್‌ಸ್ಪೆಕ್ಟರನ್ನು ನೋಡಿದರು. ಮುಖ ನಿಧಾನವಾಗಿ ಕೆಂಪಾಯಿತು.

“ಅಯ್ಯೋ. ಅಡುಗೆ ಸೀದಿದೆಯೋ ಇಲ್ವೋ ನೋಡೋಕೆ ಯಾರಾದ್ರೂ ಬೇಕಂತ ಸೀಯಿಸ್ತಾರಾ?”

“ವಿಜ್ಞಾನಿಗಳು ಸೀಯಿಸ್ತಾರೆ,” ಎಂದರು ಅತ್ತೆ.

“ನನ್ನ ಪುಡಿ ಎಲ್ಲಮ್ಮ? ಚೆಲ್ಲಿಬಿಟ್ಯಾ?”

“ನೀನು ಮಾಡಿದ್ದನ್ನ ಚೆಲ್ತೀನಾ? ಮನೇಲಿದೆ. ನನ್ನ ತವರದ ಪೆಟ್ಟಿಗೇಲಿ, ಬಟ್ಟೇಲಿ ಕಟ್ಟಿಟ್ಟಿದ್ದೀನಿ. ಅದರಲ್ಲಿದ್ದದ್ದನ್ನ ಇಲ್ಲಿ ಇಟ್ಟೆ, ಇಲ್ಲಿದ್ದದ್ದನ್ನ ಅದರಲ್ಲಿ ಇಟ್ಟೆ.”

“ಅಷ್ಟು ವರ್ಷ ಯಾಕೆ ಇಟ್ಕೊಂಡಿದ್ರಿ?” ಇನ್‌ಸ್ಪೆಕ್ಟರ್ ಕೇಳಿದಳು. ಇದು ತನಿಖೆಗೆ ಬೇಕಾದ ಪ್ರಶ್ನೆಯಲ್ಲ. ಅವಳಿಗೇ ತಿಳಿಯಬೇಕೆನಿಸಿತ್ತು.

ಅಮ್ಮ ಒಂದು ಲೋಟ ನೀರು ಕುಡಿದರು.

“ಅದು ನನ್ನ ಕೊನೇ ಮುಳುಗು. ಆಗ ಇವಳು ಹೊಟ್ಟೇಲಿದ್ಲು, ನಾಲ್ಕು ತಿಂಗಳು. ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ದೋಣಿ ಹತ್ತಿಸ್ತಿರಲಿಲ್ಲ. ಕೆಳಗೆ ಬಂಡೆ ಹಿಡಿದು ಪಾಚಿ ಕೀಳ್ತಿದ್ದೆ. ಇವಳು ಮೊದಲನೇ ಸಲ ಅಲುಗಾಡಿದ್ಲು. ನೀರಿನ ಒಳಗೆ. ಭಯ ಆಗೋಯ್ತು. ಬುಟ್ಟಿ ಬಿಡಲಿಲ್ಲ, ಮೇಲೆ ಬಂದುಬಿಟ್ಟೆ. ಎಡಗಿವಿ ಹೋದದ್ದು ಅವತ್ತೇ, ಅಷ್ಟು ಬೇಗ ಬಂದೆ. ಮತ್ತೆ ಮುಳುಗಲಿಲ್ಲ. ಆ ಬುಟ್ಟೀದನ್ನ ಮಾತ್ರ ಮಾರೋಕೆ ಮನಸ್ಸಾಗಲಿಲ್ಲ. ಅಣ್ಣ ಬೇರೆಯಾಗಿ ಕುದಿಸಿ ಕೊಟ್ರು.” ಅವರು ಮಗಳ ಕಡೆ ನೋಡದೆ ಹೇಳಿದರು. “ಇವಳದ್ದೇ ಪಾಲು ಅದು. ನಾನು ಕದ್ದು ಬೇರೆಯವರದ್ದೇನೂ ಇಡಲಿಲ್ಲ.”

ಡಾಕ್ಟರ್ ಎದ್ದು ಮೇಜು ಸುತ್ತಿ ಬಂದಳು. ಅಮ್ಮನ ಎಡಗಡೆ ನಿಂತು ಏನೋ ಹೇಳಿದಳು. ಅಮ್ಮನಿಗೆ ಕೇಳಿಸಲಿಲ್ಲ. ಬಲಗಡೆಗೆ ಬಂದು ಮತ್ತೊಮ್ಮೆ ಹೇಳಿದಳು. ಏನೆಂದಳೋ ಇನ್‌ಸ್ಪೆಕ್ಟರ್‌ಗೂ ಕೇಳಿಸಲಿಲ್ಲ. ಕೇಳಿಸಿಕೊಳ್ಳಲೂ ಇಲ್ಲ.

* * *

ಮೂರಕ್ಕೆ ಇಬ್ಬರು ಪರೀಕ್ಷಕರು ಬಂದರು. ಡಾಕ್ಟರ್ ಒಂದನ್ನೂ ಮುಚ್ಚಿಡಲಿಲ್ಲ. ಅಮ್ಮ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರೂ ನಡೆದದ್ದನ್ನೆಲ್ಲ ಹೇಳಿದಳು. ತವರದ ಪೆಟ್ಟಿಗೆಯಿಂದ ಜೀಪಿನಲ್ಲಿ ಬಂದ ಪುಡಿಯನ್ನು ತಕ್ಕಡಿಗಿಟ್ಟಳು. ನಾನೂರ ತೊಂಬತ್ತೆಂಟು ಗ್ರಾಂ.

“ಎರಡು ಗ್ರಾಂ ಬಟ್ಟೆಗೆ ಅಂಟಿದೆ,” ಎಂದಳು. “ಆದರೂ ಇದು ಒಂದು ದಿನ ನನ್ನ ಕೈ ತಪ್ಪಿತ್ತು. ನಂಬಿ ಅಂತ ಕೇಳಲ್ಲ. ನ್ಯಾಯವಾಗಿ ನಿಮ್ಮ ಕಣ್ಣೆದುರೇ ಹೊಸದಾಗಿ ತೆಗೀತೀನಿ. ಎರಡನ್ನೂ ಪರೀಕ್ಷೆ ಮಾಡಿ. ಇಪ್ಪತ್ತು ನಿಮಿಷ ಸಾಕು.”

ತೊಳೆದ ಪಾಚಿ ಯಂತ್ರದೊಳಗೆ ಹೋಯಿತು. ಗುಂಯ್ ಎಂಬ ಸದ್ದು ಶುರುವಾಯಿತು. ಕೊಪ್ಪರಿಗೆ ತಾತ ಬಾಗಿಲ ಹೊರಗೆ, ಹೆಂಗಸರು ಕಿಟಕಿಯ ಹೊರಗೆ, ಮ್ಯಾನೇಜರ್ ಒಳಗೂ ಹೊರಗೂ. ಇಪ್ಪತ್ತನೆಯ ನಿಮಿಷಕ್ಕೆ ಬಿಸಿ ರಸ ಸೋಸಿ ಬಂತು. ತಟ್ಟೆಗಳು ಮಂಜುಗಡ್ಡೆಯ ನೀರಿನಲ್ಲಿ ಕುಳಿತವು.

ಐದಕ್ಕೆ ಪರೀಕ್ಷಕರು ಅಳೆಯುವ ಯಂತ್ರದ ಕಡ್ಡಿಯನ್ನು ಜೆಲ್ಲಿಯ ಮೇಲೆ ಇಳಿಸಿದರು. ಬಿರಿಯುವ ಮುನ್ನ ಜೆಲ್ಲಿ ತಡೆಯುವ ಭಾರ ಏಳುನೂರು ಗ್ರಾಂ ದಾಟಬೇಕಿತ್ತು. ಆರುನೂರು. ಆರುನೂರ ಐವತ್ತು. ಅಮ್ಮ ಕಣ್ಣು ಮುಚ್ಚಿಕೊಂಡರು. ಏಳುನೂರು. ಜೆಲ್ಲಿ ಬಿರುಕು ಬಿಟ್ಟದ್ದು ಏಳುನೂರ ಅರವತ್ತಕ್ಕೆ. ತವರದ ಪೆಟ್ಟಿಗೆಯಿಂದ ಬಂದ ಪುಡಿಯದ್ದು ಏಳುನೂರ ಐವತ್ತೆಂಟು.

“ಒಪ್ಪಿಗೆ,” ಎಂದರು ಹಿರಿಯ ಪರೀಕ್ಷಕರು.

ಕಿಟಕಿಯ ಹೊರಗೆ ಎದ್ದ ಕೂಗಿಗೆ ಗಾಜು ಅದುರಿತು. ತಾತ ಒಳಗೆ ಬಂದು, ಯಾರನ್ನೂ ಕೇಳದೆ ಹೆಬ್ಬೆರಳನ್ನು ಹೊಸ ಜೆಲ್ಲಿಗೆ ಒತ್ತಿದ. “ಪರವಾಗಿಲ್ಲ,” ಎಂದ. “ಪೆಟ್ಟಿಗೆ ಪರವಾಗಿಲ್ಲ.”

ಪರೀಕ್ಷಕರು ಹೊರಡುವ ಮುಂಚೆ ಬಿಳಿ ಪುಡಿಯ ತಟ್ಟೆಯನ್ನೂ ಒತ್ತಿ ನೋಡಿದರು. ಒಂಬೈನೂರ ಹತ್ತು. ಇಬ್ಬರೂ ಅಮ್ಮನ ಕಡೆ ತಿರುಗಿದರು.

“ಈ ಪಾಚಿ ಎಲ್ಲಿ ಸಿಗುತ್ತೆ ಅಮ್ಮ? ಜಾಗ ಹೇಳಿದ್ರೆ ಬರ್ಕೊಳ್ತೀವಿ.”

“ಬರ್ಕೊಂಡ್ರೆ ಸಿಗೋ ಜಾಗ ಅಲ್ಲ ಅದು,” ಎಂದರು ಅಮ್ಮ. “ನಿಂತು ನೋಡಬೇಕು.”

ಇನ್‌ಸ್ಪೆಕ್ಟರ್ ದೂರಿನ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಜೀಪಿನಲ್ಲಿ ಕುಳಿತಳು. ‘ಕಳುವಾದ ವಸ್ತು ದೊರಕಿದೆ’ ಎಂದು ಬರೆದಳು. ಮುಂದಿನ ಸಾಲಿನಲ್ಲಿ ಆರೋಪಿ ಎಂದಿತ್ತು. ಅಲ್ಲಿ ಪೆನ್ನು ನಿಂತಿತು.

“ಏನು ಬರೀಲಿ ಅತ್ತೆ?”

“ಮನೆಯವರು ಅಂತ ಬರಿ. ಸುಳ್ಳೇನಲ್ಲ.”

ಬರೆದು ತಲೆಯೆತ್ತಿದಳು. ಬಿಸಿಲು ಇನ್ನೂ ಇತ್ತು. ದಡದ ಕಲ್ಲುಗಳ ತುದಿಯಲ್ಲಿ ತಾಯಿ ಮಗಳು ನಿಂತಿದ್ದರು. ಅಮ್ಮ ಕೈ ಚಾಚಿ ಕಡಲಿನತ್ತ ಬಂಡೆಯ ಗುರುತು ತೋರಿಸುತ್ತಿದ್ದರು: ಆ ದೀಪದ ಕಂಬ ಗುಡ್ಡದ ಹಿಂದೆ ಮರೆಯಾಗಬೇಕು, ಆಗ ದೋಣಿ ನಿಲ್ಲಿಸಬೇಕು. ಡಾಕ್ಟರ್‌ಗೆ ಕಾಣಲಿಲ್ಲವೇನೋ. ಅಮ್ಮ ಅವಳ ಭುಜ ಹಿಡಿದು ತಮ್ಮ ಮುಂದೆ ನಿಲ್ಲಿಸಿಕೊಂಡರು. ಎತ್ತರದ ಮಗಳು ಮಂಡಿ ಬಾಗಿಸಿ, ತಗ್ಗಿ, ಅಮ್ಮನ ಬೆರಳಿನ ನೇರಕ್ಕೆ ಕಣ್ಣಿಟ್ಟಳು.

“ಕಂಡಿತು,” ಎಂದು ಅವಳು ಕೂಗಿದ್ದು ಜೀಪಿನವರೆಗೂ ಕೇಳಿಸಿತು.